ಅದಲುಬದಲಾದ ಕಣ್ಣು

ಎಪ್ಪತ್ತೆಂಟರ ಮಿಸಾವೊ ಒಂದು ಕಾಲದಲ್ಲಿ ಟಿವಿಯ ಒಂದು ದೈತ್ಯ ರೋಬೋ ಕಾರ್ಟೂನ್ ಧಾರಾವಾಹಿಗೆ ವರ್ಷಗಟ್ಟಲೆ ಬಣ್ಣ ಬಳಿದವಳು. ನೋಡಿದ್ದು ಮಾತ್ರ ಒಂದು ಕಂತೂ ಇಲ್ಲ. ಶನಿವಾರ ಸಂಜೆ ಆರಕ್ಕೆ ಊರಿನ ಮಕ್ಕಳೆಲ್ಲ ಟಿವಿ ಮುಂದೆ ಕೂತಾಗ ಅವಳು ಸ್ಟುಡಿಯೋದ ಮಹಡಿಯಲ್ಲಿ ಮುಂದಿನ ಕಂತಿನ ಹಾಳೆಗಳ ಮೇಲೆ ಬಗ್ಗಿರುತ್ತಿದ್ದಳು.

ಈ ಭಾನುವಾರ ಮಧ್ಯಾಹ್ನ ನೆರಿಮಾ ಬಡಾವಣೆಯ ಸಭಾಭವನದಲ್ಲಿ ಅಭಿಮಾನಿಗಳು ಅದನ್ನು ಮತ್ತೆ ತೋರಿಸುತ್ತಿದ್ದರು. ಮಿಸಾವೊ ಹಿಂದಿನ ಸಾಲಿನಲ್ಲಿ ಕೂತಳು. ನಲವತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಇವತ್ತು ಹೇಳಿಬಿಡಬೇಕೆಂದೇ ಬಂದಿದ್ದಳು.

ಪಾರದರ್ಶಕ ಹಾಳೆಗೆ ಬಣ್ಣ ಬಳಿಯುವುದು ಹಿಂಬದಿಯಿಂದ. ಮಗುಚಿದಾಗ ಎಡ ಬಲವಾಗುತ್ತದೆ. ಕಥೆಯ ಯುದ್ಧದಲ್ಲಿ ರೋಬೋದ ಎಡಗಣ್ಣು ಹೋಗಿತ್ತು. ಒಂದು ರಾತ್ರಿ ನಿದ್ದೆಗೆಟ್ಟಿದ್ದ ಮಿಸಾವೊ ಹನ್ನೊಂದು ಹಾಳೆಗಳಲ್ಲಿ ಬಲಗಣ್ಣಿಗೆ ಕಪ್ಪು ಬಳಿದಳು. ಅವು ಗೆಳತಿ ಯಾಸುಯೊಳ ಪಾಲಿನವು. ಅವಳ ಕೆಲಸ ಹಿಂದೆ ಬಿದ್ದಿತ್ತೆಂದು ಇವಳು ಹಂಚಿಕೊಂಡಿದ್ದಳು. ಹಾಳೆಗಳ ಕಟ್ಟಿನ ಮೇಲೆ ಯಾಸುಯೊಳ ಹೆಸರಿತ್ತು. ಬೈಸಿಕೊಂಡದ್ದೂ ಕೆಲಸ ಕಳೆದುಕೊಂಡದ್ದೂ ಯಾಸುಯೊ. ಅವಳು ಬಾಯಿ ಬಿಡಲಿಲ್ಲ, ಒಮ್ಮೆ ಇವಳತ್ತ ನೋಡಿದಳು ಅಷ್ಟೆ. ಮಿಸಾವೊ ತಲೆ ತಗ್ಗಿಸಿ ಕುಂಚ ತೊಳೆಯುತ್ತಿದ್ದಳು.

ಪರದೆ ಬೆಳಗಿತು. ರೋಬೋ ಸಮುದ್ರದಿಂದ ಎದ್ದು ಬಂತು. ಮಿಸಾವೊ ಬೆಪ್ಪಾದಳು. ಅವಳಿಗೆ ಗೊತ್ತಿದ್ದದ್ದು ಒಂದು ಮೊಣಕಾಲು, ಒಂದು ಮುಷ್ಟಿ, ಬೂದು ಬಣ್ಣದ ಡಬ್ಬಿ. ಅದೇ ಮೊಣಕಾಲು ಈಗ ಬಾಗಿ, ಊರಿ, ನಡೆಯುತ್ತಿತ್ತು! ಒಳಗೆ ಕೂತು ಅದನ್ನು ನಡೆಸುತ್ತಿದ್ದ ಹುಡುಗಿ ಅತ್ತಾಗ ಇವಳು ಕುರ್ಚಿಯ ತುದಿಗೆ ಸರಿದಳು. ಇಷ್ಟು ಚೆನ್ನಾಗಿತ್ತೇ ನಾವು ಮಾಡಿದ್ದು? ಪಕ್ಕಕ್ಕೆ ತಿರುಗಿ ಹೇಳೋಣವೆಂದರೆ ಪಕ್ಕದ ಕುರ್ಚಿ ಖಾಲಿ.

ಆಮೇಲೆ ಆ ದೃಶ್ಯ ಬಂತು. ಅರೆಕ್ಷಣ ಎಡಗಣ್ಣು ಬೆಳಗಿ ಬಲಗಣ್ಣು ಕಪ್ಪಾಯಿತು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು.

"ನೋಡಿದ್ರಾ? ಆ ಹುಡುಗಿಗೋಸ್ಕರ ಕಣ್ಣು ಹೊಡೀತು!" ಎಂದ ಸಂಘಟಕ ಕುರಾಮೊಚಿ, ಐವತ್ತು ದಾಟಿದ ಗುಂಡುಮುಖದವನು. "ಇದಕ್ಕೋಸ್ಕರಾನೇ ಅಲ್ವಾ ನಾವೆಲ್ಲ ಬರೋದು!"

ಪ್ರದರ್ಶನ ಮುಗಿದ ಮೇಲೆ ಮಿಸಾವೊ ಎದ್ದು ನಿಂತಳು.

"ಅದು ಕಣ್ಣು ಹೊಡೆದದ್ದಲ್ಲಪ್ಪ. ತಪ್ಪು. ನಾನೇ ಮಾಡಿದ್ದು."

"ಅಯ್ಯೋ, ಆ ಕಣ್ಣು ನಿಮ್ಮದಾ ಅಜ್ಜಿ?" ಕುರಾಮೊಚಿ ಓಡಿಬಂದ. ಮತ್ತೆ ಚಪ್ಪಾಳೆ.

"ನಗಬೇಡ್ರಪ್ಪ, ಕೇಳಿ. ಇದರಿಂದ ಯಾಸುಯೊ ಕೆಲಸ ಹೋಯ್ತು. ನಾನು ತುಟಿ ಬಿಚ್ಚಲಿಲ್ಲ."

"ಬಿಡಿ ಅಜ್ಜಿ, ಯಾವ ಕಾಲದ್ದೋ! ಅವರನ್ನೂ ಮುಂದಿನ ಸಲ ಕರ್ಕೊಂಡು ಬನ್ನಿ."

"ಅವಳು ಹೋಗಿ ಮೂರು ವರ್ಷ ಆಯ್ತು."

ಕುರಾಮೊಚಿ ತಲೆ ಬಾಗಿಸಿದ. ಆಮೇಲೆ ಯಾರೋ ಸಹಿಗೆಂದು ಬಿಳಿ ರಟ್ಟನ್ನೂ ಪೆನ್ನನ್ನೂ ಮುಂದೆ ಹಿಡಿದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಎಲ್ಲರ ಮುಖದಲ್ಲೂ ಅಕ್ಕರೆ. ಮಿಸಾವೊಗೆ ಬೇಕಿದ್ದದ್ದು ಬೈಗುಳ.

ಅವಳು ಸಹಿ ಹಾಕುತ್ತಾ ಹೋದಳು. ಸಾಲಿನಲ್ಲಿ ಮೂವತ್ತು ಜನ ನಿಂತಿದ್ದರು. ಒಬ್ಬರಾದರೂ ಬೈಯಲಿಲ್ಲ.