ಎರಡು ಗೆರೆ, ನಡುವೆ ಸಂದು

ಹಸಿರು ಹೊಲದಂಥದ್ದೇನೋ ಟಿವಿಯ ತುಂಬ ಸರಿಯುತ್ತಿದೆ, ಹೊಲವಲ್ಲ, ಮಗಳು ಭಾಗ್ಯಳ ಕಂಪ್ಯೂಟರಿನ ಪ್ರೊಸೆಸರು, ಬಿಸ್ಕೀಟಿನಷ್ಟಗಲದ ಬಿಲ್ಲೆ, ಚಾಂದ್ ಅದನ್ನೇ ತನ್ನ ರಿಪೇರಿ ಅಂಗಡಿಯ ಕ್ಯಾಮೆರಾದಡಿ ಇಟ್ಟು ಬಾಗಿಲಿನಷ್ಟು ಮಾಡಿ ತೋರಿಸುತ್ತಿದ್ದಾನೆ, ಕುಂದ್ರಿ ಕಾಕಾ, ನೀವು ನಿಂತ್ರ ಅದೇನು ಎದ್ದು ಓಡಾಡ್ತದೇನು, ಆದರೆ ಸೂರ್ಯಕಾಂತ ಕೂರುವುದಿಲ್ಲ, ಶಹಾಬಾದಿನಿಂದ ವಾಡಿಗೆ ಬರುವ ಬಸ್ಸಿನಲ್ಲೂ ಕೂರಲಿಲ್ಲ, ಮಗಳ ಪಕ್ಕದ ಸೀಟು ಖಾಲಿಯಿತ್ತು, ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು, ಎಡಗೆನ್ನೆ ಕಾಣದ ಹಾಗೆ. ಹೊಡೆದದ್ದು ಹೌದು — ಅಪ್ಪಾ, ಚಾಲೂ ಆಗವಲ್ದು ಎಂದು ಅವಳು ಅತ್ತಾಗ ಎದೆಯೊಳಗೆ ಏನೋ ಸುಟ್ಟಿತು, ಸುಟ್ಟದ್ದು ಕೈಗಿಳಿಯಿತು, ಯಾರು ಬಿಚ್ಚು ಅಂದ್ರು ನಿನಗ, ನಡೀತಿದ್ದ ಮಷೀನ್ ಹಾಳ್ ಮಾಡಿ ಕುಂತಿ! ಹೆಂಡತಿಯ ತಮ್ಮ ಸುರೇಶಕುಮಾರ ಅಲ್ಲೇ ಇದ್ದ, ಭಾಗ್ಯಳಿಗೆ ತೆಂಗಳಿ ಊರಿನ ಗಂಡಿನ ಸಂಬಂಧ ಹಿಡಿದುಕೊಂಡು ಬಂದವನು, ನಾ ಆವಾಗ್ಲೇ ಹೇಳಿದ್ದೆ ಮಾವಾ, ಹುಡ್ಗೀರ ಕೈಯಾಗ ಮಷೀನ್ ಕೊಟ್ರ ಹಿಂಗೇ, ಅವನೆದುರೇ ಬಾಯಿಂದ ಬಂದುಬಿಟ್ಟಿತು, ಅಂಗಡ್ಯಾವ ನೋಡ್ಲಿ, ನಿನ್ನ ಕೈತಪ್ಪು ಅಂದ್ರ ಈ ಪೆಟ್ಟಿಗಿ ನನ್ನ ಮನ್ಯಾಗ ಇರಂಗಿಲ್ಲ, ತೆಂಗಳ್ಯಾವ್ರಿಗೆ ಹೂಂ ಅಂತೀನಿ. ಆಡಿದ ಮಾತು ಆಡಿದ್ದೇ, ಶಹಾಬಾದಿನ ಖಣಿಗಳಲ್ಲಿ ಸೂರ್ಯಕಾಂತನ ಮಾತೆಂದರೆ ಕಲ್ಲು.

ಸೂಜಿ ಎಲ್ಲಾ ನೆಟ್ಟಗವ ನೋಡ್ರಿ ಕಾಕಾ, ಚಾಂದ್ ಬಿಲ್ಲೆಯನ್ನು ಮಗುಚಿದ್ದಾನೆ, ಅಡಿಯಲ್ಲಿ ಬಂಗಾರ ಬಣ್ಣದ ಸೂಜಿಗಳು, ಜೋಳದ ಸಾಲಿನ ಹಾಗೆ, ಮತ್ಯಾಕ ಸತ್ತದ ಇದು? ಯಾಕೆ ಸತ್ತಿತೋ ಸೂರ್ಯಕಾಂತನಿಗೇನು ಗೊತ್ತು, ಏನೂ ಗೊತ್ತಿಲ್ಲ, ಅವಳು ಮನೆಗಳ ನಕ್ಷೆ ಬರೆಯುವವಳು, ನಕ್ಷೆ ದೊಡ್ಡದಾದರೆ ಕಂಪ್ಯೂಟರು ಬಿಸಿಯೇರಿ ನಿಲ್ಲುತ್ತಿತ್ತು, ದೊಡ್ಡ ಫ್ಯಾನು ತಂದಳು, ಹಳೇ ಫ್ಯಾನು ಎತ್ತಿದರೆ ಪ್ರೊಸೆಸರೂ ಅದರಡಿಗೆ ಅಂಟಿಕೊಂಡು ಕಿತ್ತು ಬಂತು, ನಡುವಿನ ಮೇಣ ಒಣಗಿತ್ತಂತೆ, ಬಿಸಿಗಾಳಿ ಹಿಡಿದ್ರ ಬಿಡ್ತದ, ಬಾಜೂ ಬಷೀರಾ ಆಂಟಿ ಮನಿಯಿಂದ ಕೂದ್ಲ ಒಣಗಿಸೋದು ತರ್ತೀನಿ, ನೀ ಮುಟ್ಟಬ್ಯಾಡ ಅಪ್ಪಾ, ಎಂದು ಹೋದಳು — ಮುಟ್ಟಬ್ಯಾಡ! ಮೂವತ್ತು ವರ್ಷ ಕಲ್ಲಿನ ಪದರು ಬಿಡಿಸಿದವನಿಗೆ. ಶಹಾಬಾದ್ ಕಲ್ಲು ನೆಲದಲ್ಲಿ ಒಂದರ ಮೇಲೊಂದು ಮಲಗಿರುತ್ತದೆ, ಸಂದು ಹುಡುಕಬೇಕು, ಉಳಿಯ ಬಾಯಿ ಇಡಬೇಕು, ಒಂದೇ ಏಟು, ಎರಡೂ ಬೇರೆ, ಚಕ್ಕೆ ಸಿಡಿಯುವುದಿಲ್ಲ. ಫ್ಯಾನಿನಡಿಯಲ್ಲಿ ಕೂದಲೆಳೆಯಷ್ಟು ಸಂದು ಕಂಡಿತ್ತು, ಕಂಡ ಮೇಲೆ ಕೈ ಸುಮ್ಮನಿರುತ್ತದೆಯೇ, ಗೂಡಿನಲ್ಲಿ ಸಣ್ಣ ಉಳಿ ಇತ್ತು, ಬಾಯಿಯ ನಡುವೆ ಕಚ್ಚು ಹಾಕಿಸಿದ ಉಳಿ, ಖಣಿಯಲ್ಲಿ ಒಬ್ಬೊಬ್ಬರ ಕಲ್ಲಿಗೂ ಒಂದೊಂದು ಗುರುತು, ತನ್ನ ಕಲ್ಲಿನ ಅಂಚಿಗೆ ಅವನು ಒತ್ತುವುದು ಅದರಿಂದಲೇ, ಒತ್ತಿದ, ಒಮ್ಮೆ ಜಾರಿತು, ಜಾರಿದ್ದೇನು ದೊಡ್ಡದಲ್ಲ, ಇನ್ನೊಮ್ಮೆ ಒತ್ತಿದ, ಟಕ್ ಎಂದು ಬಿಟ್ಟಿತು, ಎಷ್ಟು ಚೊಕ್ಕ! ಅವಳು ಬಂದಾಗ ಮಗಳ ಕೈಲಿ ಯಾಕೆ ಬೈಸಿಕೊಳ್ಳುವುದೆಂದು, ತಾನೇ ಬಿಟ್ಟದ ನೋಡವ್ವ ಎಂದ. ಹೌದಾ ಅಪ್ಪಾ, ಭಾಳ ಚಲೋ ಆತು ಬಿಡು. ನಕ್ಕಿದ್ದಳು.

ಹಾಂ, ಸಿಕ್ತು, ಇಲ್ನೋಡ್ರಿ, ಚಾಂದ್ ಪರದೆಗೆ ಬೆರಳಿಡುತ್ತಾನೆ, ಹಸಿರಿನ ಅಂಚಿನಲ್ಲಿ ಎರಡು ಬಿಳಿ ಗೆರೆ, ನಡುವೆ ಸಂದು, ಯಾರೋ ಕಬ್ಬಿಣ ಹಾಕಿ ಎಬ್ಬಿಸ್ಯಾರ, ಒಳಗಿನ ಎಳಿ ಕಡದಾವ, ಇದು ಇನ್ನ ಬದುಕಂಗಿಲ್ಲ. ಎರಡು ಗೆರೆ, ನಡುವೆ ಸಂದು — ಮನೆಯ ನೆಲದ ತುಂಬ ಅದೇ ಇದೆ, ಅವನೇ ತಂದು ಹಾಸಿದ ಕಲ್ಲು, ಅಂಬೆಗಾಲಿಡುವಾಗಿನಿಂದ ಅವಳು ಬೆರಳಾಡಿಸಿದ ಗೆರೆ, ಇದು ಅಪ್ಪಂದು, ಇದೂ ಅಪ್ಪಂದು, ಎಣಿಸಲು ಕಲಿತದ್ದೇ ಅದರ ಮೇಲೆ. ಭಾಗ್ಯ ಪರದೆಯನ್ನೇ ನೋಡುತ್ತಿದ್ದಾಳೆ, ಎಷ್ಟು ಹೊತ್ತು ನೋಡುತ್ತಾಳೆ, ಆಮೇಲೆ ತಿರುಗಿ ಅಪ್ಪನನ್ನು ನೋಡಿದಳು, ಎಡಗೆನ್ನೆ ಪೂರ್ತಿ ಕಂಡಿತು, ಊದಿದೆ. ನಾನೇರಿ ಭಾಯ್, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸ್ದೆ, ಎಂದಳು ಚಾಂದನಿಗೆ. ಏ, ಸ್ಕ್ರೂಡ್ರೈವರಿಗೆ ಒಂದೇ ಬಾಯಿ ಇರ್ತದ ತಂಗಿ, ಇದಕ್ಕ ಎರಡವ! ನಾನೇ ಅಂದ್ನೆಲ್ಲ. ಚಾಂದ್ ಬಿಲ್ಲೆ ತಂದಿದ್ದ ಡಬ್ಬಿಯನ್ನು ಅವಳ ಕಡೆ ಸರಿಸಿದ. ಹೇಳು ಸೂರ್ಯಾ, ತನಗೆ ತಾನೇ ಅಂದುಕೊಳ್ಳುತ್ತಾನೆ, ಒಂದು ಮಾತು, ಕಲ್ಲಿಗೆ ಗುರುತು ಒತ್ತಲು ನಾಚದವನು ಇದಕ್ಕೇಕೆ ನಾಚುತ್ತೀ, ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿದೆ, ಸುರೇಶಕುಮಾರ, ಏನಂದ ಮಾವಾ ಅಂಗಡ್ಯಾವ, ಯಾರ ತಪ್ಪಂತ? ಅಕೀದೇ, ಎನ್ನುತ್ತಿದೆ ಯಾರದೋ ದನಿ, ತಾನೇ ಒಪ್ಪಿಕೊಂಡ್ಳು, ಸೂರ್ಯಕಾಂತನದೇ ದನಿ, ಹಂಗಾರ ತೆಂಗಳ್ಯಾವ್ರಿಗೆ ಹೇಳ್ಲೇನು ಮಾವಾ, ಹೇಳ್ಲೇನು, ಭಾಗ್ಯ ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಳೆ, ಅವಳ ಕಡೆ ನೋಡಲಾಗದು, ನೆಲ ನೋಡಿದರೆ ಅಂಗಡಿಯ ನೆಲವೂ ಶಹಾಬಾದ್ ಕಲ್ಲೇ, ತಲೆ ಎತ್ತಿದರೆ ಟಿವಿ, ಚಾಂದ್ ಇನ್ನೂ ಆರಿಸಿಲ್ಲ, ಬಾಗಿಲಿನಷ್ಟು ಹಸಿರು, ಅಂಚಿನಲ್ಲಿ ಎರಡು ಬಿಳಿ ಗೆರೆ, ನಡುವೆ ಸಂದು, ಎರಡು ಗೆರೆ, ನಡುವೆ