ಗುಬ್ಬಿಯ ಹಲ್ಲಿನ ಅಚ್ಚು

ಕುಣಿಗಲ್‌ನಿಂದ ಬಸ್ಸಿನಲ್ಲಿ ಬಂದ ಡಬ್ಬಿಯನ್ನು ಶಿವಮೂರ್ತಿ ಬಿಚ್ಚಿದ್ದು ೨೦೦೩ರ ಜೂನ್ ತಿಂಗಳ ಒಂದು ಸೋಮವಾರ. ತುಮಕೂರಿನ ಶಿರಾ ಗೇಟಿನಲ್ಲಿ, ಟೈರ್ ಅಂಗಡಿಯೊಂದರ ಮಹಡಿಯ ಮೇಲೆ ಅವನ ಲ್ಯಾಬ್ ಇತ್ತು. ಸುತ್ತಮುತ್ತಲ ಊರುಗಳ ದಂತವೈದ್ಯರು ರೋಗಿಗಳ ಬಾಯಿಯ ಅಳತೆ ತೆಗೆದು, ಪ್ಲಾಸ್ಟರಿನ ಅಚ್ಚು ಮಾಡಿ ಅವನಿಗೆ ಕಳಿಸುತ್ತಿದ್ದರು. ಅದರ ಮೇಲೆ ಅವನು ಕಟ್ಟುಹಲ್ಲು, ಕ್ಯಾಪು, ಬ್ರಿಡ್ಜು ಮಾಡಿಕೊಡುತ್ತಿದ್ದ. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಒಬ್ಬ ರೋಗಿಯ ಮುಖವನ್ನೂ ಅವನು ಕಂಡವನಲ್ಲ.

ಡಬ್ಬಿಯ ಜೊತೆ ಡಾಕ್ಟರ್ ನಾಗಭೂಷಣ್ ಬರೆದ ಚೀಟಿ ಇತ್ತು. ಹೆಸರು ಯಶಸ್ವಿನಿ, ವಯಸ್ಸು ಇಪ್ಪತ್ತು, ವಿದ್ಯಾರ್ಥಿನಿ, ಗುಬ್ಬಿ. ಮೇಲಿನ ನಾಲ್ಕು ಮುಂದಿನ ಹಲ್ಲಿಗೆ ವೆನೀರ್, ಎಲ್ಲಕ್ಕಿಂತ ಬಿಳಿಯ ಬಣ್ಣ. ಮೊದಲು ಮೇಣದಲ್ಲಿ ಮಾದರಿ ಮಾಡಿ ಕಳಿಸಿ, ಆಮೇಲೆ ಹಲ್ಲಿನ ಮೇಲ್ಪದರ ತೀಡುತ್ತೇನೆ.

ವೆನೀರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಪಿಂಗಾಣಿಯ ಚಿಪ್ಪು, ಉಗುರಿನಷ್ಟು ತೆಳು. ಹಲ್ಲು ಸ್ವಲ್ಪ ಸೊಟ್ಟ ಇದ್ದರೆ, ಒಂದು ತುಸು ಒಳಗೆ ಹೋಗಿದ್ದರೆ, ವರ್ಷಗಟ್ಟಲೆ ತಂತಿ ಕಟ್ಟಿಸಿಕೊಳ್ಳದೆ ಮೂರೇ ವಾರದಲ್ಲಿ ಸಾಲು ಸರಿಯಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಆಗಲೇ ಜೋರಾಗಿ ನಡೆದಿದ್ದ ಈ ಕೆಲಸ ಈ ಕಡೆಗೆ ಹೊಸದು. ಶಿವಮೂರ್ತಿ ಅದನ್ನು ಕಲಿತುಬಂದು ಎರಡು ವರ್ಷವಾಗಿತ್ತು. ಬಂದ ಆರ್ಡರು ಮಾತ್ರ ಬೆರಳೆಣಿಕೆಯಷ್ಟು. ಖುಷಿಯಾಗಬೇಕಿತ್ತು. ಆಗಲಿಲ್ಲ.

ಮೊದಲನೆಯದಾಗಿ, ಗುಬ್ಬಿಯ ಹುಡುಗಿ ಕುಣಿಗಲ್‌ಗೆ ಯಾಕೆ ಹೋದಳು? ಗುಬ್ಬಿಯಿಂದ ಅಲ್ಲಿಗೆ ಹೋಗಬೇಕಾದರೆ ತುಮಕೂರು ದಾಟಬೇಕು. ತುಮಕೂರಿನಲ್ಲಿ ಬೀದಿಗೊಬ್ಬರು ದಂತವೈದ್ಯರಿದ್ದಾರೆ. ಎರಡನೆಯದು, ಮೇಲಿನ ಅಚ್ಚು, ಕೆಳಗಿನ ಅಚ್ಚು ಎರಡನ್ನೂ ಕೂಡಿಸಿ ಕಚ್ಚಿಸಿ ನೋಡಿದಾಗ, ಮೇಲಿನ ಸಾಲಿನಲ್ಲಿ ತುಸು ಒಳಗೆ ಹೋಗಿದ್ದ ಬಲಗಡೆಯ ಹಲ್ಲೊಂದರ ಅಂಚಿಗೆ ಕೆಳಗಿನ ಹಲ್ಲೊಂದು ನೇರವಾಗಿ ಬಡಿಯುತ್ತಿತ್ತು. ಅಲ್ಲಿ ಪಿಂಗಾಣಿ ಅಂಟಿಸಿ ಮುಂದಕ್ಕೆ ತಂದರೆ, ಆರೇ ತಿಂಗಳಲ್ಲಿ ಚಿಪ್ಪು ಹಾರಿಹೋಗುವುದು ಖಂಡಿತ.

ಮೂರನೆಯದನ್ನು ಕಂಡು ಅವನ ಕೈ ತಡೆಯಿತು. ನಡುವಿನ ಒಂದು ಹಲ್ಲಿನ ಅಂಚಿನಲ್ಲಿ ಅಕ್ಕಿಕಾಳಿನ ತುದಿ ಕೂರುವಷ್ಟು ಸಣ್ಣ ಕಚ್ಚು ಇತ್ತು. ಊಟದಿಂದ ಹಾಗೆ ಸವೆಯುವುದಿಲ್ಲ. ದಾರವನ್ನು ಒಂದೇ ಜಾಗದಲ್ಲಿ ಕಚ್ಚಿ ಕಚ್ಚಿ ಕತ್ತರಿಸುವ ಟೈಲರುಗಳ ಹಲ್ಲಿನಲ್ಲಿ ಮಾತ್ರ ಅದು ಮೂಡುತ್ತದೆ, ಅದೂ ಇಪ್ಪತ್ತು ಇಪ್ಪತ್ತೈದು ವರ್ಷ ಕಚ್ಚಿದ ಮೇಲೆ. ಈ ಬಾಯಿಗೆ ಇಪ್ಪತ್ತು ವರ್ಷ ಎಂದು ಚೀಟಿ ಹೇಳುತ್ತಿತ್ತು.

ಅವನು ಫೋನ್ ಮಾಡಿದ.

“ಸಾರ್, ಅಚ್ಚು ಅದಲುಬದಲಾಗಿರ್ಬೋದಾ? ಇದು ವಯಸ್ಸಾದೋರ್ ಹಲ್ಲು ಇದ್ದಂಗಿದೆ.”

“ಅದೇ ಅಚ್ಚು. ಹೇಳ್ದಷ್ಟು ಮಾಡಿ ಶಿವಮೂರ್ತಿ,” ಎಂದು ಡಾಕ್ಟರು ಫೋನಿಟ್ಟರು.

ಆ ಚುಟುಕು ಉತ್ತರವೇ ಅವನ ಅನುಮಾನಕ್ಕೆ ಇನ್ನಷ್ಟು ಕಸುವು ಕೊಟ್ಟಿತು. ಹಿಂದಿನ ವರ್ಷ ಇದೇ ಡಾಕ್ಟರು ಕೂರಿಸಿದ ಬ್ರಿಡ್ಜೊಂದು ಮುರಿದಾಗ, ರೋಗಿಯ ಮುಂದೆ “ಲ್ಯಾಬ್‌ನೋರ ತಪ್ಪು” ಎಂದು ಕೈತೊಳೆದುಕೊಂಡಿದ್ದರು. ಈಗಲೂ ಯಾರದೋ ಹಲ್ಲಿಗೆ ಯಾರದೋ ಹೆಸರು ಹಾಕಿ, ಮುರಿದ ದಿನ ತನ್ನ ಕಡೆ ಬೆರಳು ತೋರಿಸುವ ಹಂಚಿಕೆಯೇನೋ. ಇದಲ್ಲದೆ ಇನ್ನೊಂದು ಯೋಚನೆಯೂ ಅವನನ್ನು ಬಿಡಲಿಲ್ಲ. ತೀಡಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಯಾರದೇ ಆಗಲಿ, ಗಟ್ಟಿಮುಟ್ಟಾದ ನಾಲ್ಕು ಹಲ್ಲು ಹಾಳಾಗುತ್ತವೆ.

ಗುರುವಾರ ಅವನು ಗುಬ್ಬಿಯ ಬಸ್ಸು ಹತ್ತಿದ. ಹೆಂಡತಿ ಶಶಿರೇಖಾಳಿಗೆ ವಿಷಯ ಹೇಳಿದಾಗ ಅವಳು, “ಹಲ್ ಹಿಡ್ಕೊಂಡು ಹೆಂಗಸ್ರನ್ನ ಹುಡುಕ್ತೀನಿ ಅಂತ ಯಾರ್ ಮುಂದೆನೂ ಹೇಳ್ಬೇಡಿ,” ಎಂದಷ್ಟೇ ಅಂದಿದ್ದಳು.

ಗುಬ್ಬಿಯ ಪೇಟೆಯಲ್ಲಿ ದಾರ, ಗುಂಡಿ, ಲೈನಿಂಗ್ ಬಟ್ಟೆ ಮಾರುವ ಅಂಗಡಿ ಒಂದಿತ್ತು. ಅದರ ಮಾಲೀಕ ಅಂಜಿನಪ್ಪನನ್ನು ಕೇಳಿದ: ಹೆಂಗಸು ಟೈಲರ್, ಯಶಸ್ವಿನಿ ಅಂತ ಯಾರಾದರೂ ಇದ್ದಾರಾ?

ಅಂಜಿನಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. “ಯಾವೂರು ನಿಮ್ದು? ಯಾಕೆ?”

“ತುಮಕೂರು. ಬಟ್ಟೆ ಹೊಲ್ಸಕ್ಕೆ.”

“ತುಮಕೂರ್ ಬುಟ್ಟು ಇಲ್ಲಿಗ್ ಬಂದ್ರಾ?” ಅಂಜಿನಪ್ಪನಿಗೆ ನಂಬಿಕೆಯಾಗಲಿಲ್ಲ. ಆದರೂ ಹೇಳಿದ. “ಯಶಸ್ವಿನಿ ಟೈಲರ್ ಅಲ್ಲ, ಕಾಲೇಜಿಗ್ ಹೋಗೋ ಹುಡ್ಗಿ. ಅವ್ರಮ್ಮ ರಂಗಲಕ್ಷ್ಮಮ್ಮ ಹೊಲೀತಾರೆ. ಸಂತೆ ಮಾಳದ ಹಿಂದ್ಗಡೆ ನೀಲಿ ಬಾಗ್ಲು.”

ನೀಲಿ ಬಾಗಿಲು ತೆರೆದೇ ಇತ್ತು. ಒಳಗೆ ನಲವತ್ತೈದರ ಆಚೀಚಿನ ಹೆಂಗಸೊಬ್ಬಳು ಮಿಷನ್ನಿನ ಮೇಲೆ ಬಗ್ಗಿ ಕುಳಿತಿದ್ದಳು. ಇವನ ನೆರಳು ಬಿದ್ದಿದ್ದನ್ನು ಗಮನಿಸದೆ ತಲೆಯನ್ನು ತುಸು ಎಡಕ್ಕೆ ವಾಲಿಸಿ, ದಾರವನ್ನು ಬಾಯಿಗಿಟ್ಟು ಕಚ್ಚಿದಳು. ಆ ಒಂದು ಗಳಿಗೆಯಲ್ಲಿ ಶಿವಮೂರ್ತಿಗೆ ಹಲ್ಲು ಕಂಡವು. ಒಳಗೆ ಸರಿದ ಬಲಗಡೆಯ ಹಲ್ಲು, ನಡುವಿನದರ ಕಚ್ಚು. ನಾಲ್ಕು ದಿನ ಕೈಯಲ್ಲಿ ಹಿಡಿದು ತಿರುಗಿಸಿದ್ದ ಬಿಳಿ ಪ್ಲಾಸ್ಟರು ಜೀವಂತವಾಗಿ ಎದುರಿಗಿತ್ತು.

ರಂಗಲಕ್ಷ್ಮಮ್ಮ ತಲೆಯೆತ್ತಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಯಾರ್ ನೀವು? ಯಾಕಂಗ್ ನನ್ ಬಾಯ್ ನೋಡ್ತಾ ನಿಂತಿದೀರಾ?”

ಅವನು ಹೊಸ್ತಿಲಾಚೆಯೇ ನಿಂತು, ತಾನು ಯಾರು, ತನ್ನ ಕೈಗೆ ಏನು ಬಂದಿದೆ ಎಂದು ಹೇಳಿದ. ಅವಳು ಎದ್ದು ಬಂದು ಬೀದಿಯ ಎರಡೂ ಕಡೆ ನೋಡಿ, ಅವನನ್ನು ಒಳಗೆ ಕರೆದಳು. ಬಾಗಿಲನ್ನು ಮುಚ್ಚಲಿಲ್ಲ, ಪೂರ್ತಿ ತೆರೆದೂ ಇಡಲಿಲ್ಲ.

“ಡಾಕ್ಟ್ರು ಹೇಳಿ ಕಳ್ಸಿದ್ರಾ?”

“ಇಲ್ಲ. ಅವ್ರಿಗ್ ಗೊತ್ತಿಲ್ಲ.”

“ಮತ್ತೆ ನಿಮ್ಗೇನಾಗ್ಬೇಕು?”

“ಏನೂ ಬೇಡ. ಚೀಟೀಲಿ ಇಪ್ಪತ್ತು ವರ್ಷ ಅಂತಿದೆ. ಹಲ್ಲು ಹಂಗ್ ಹೇಳ್ಲಿಲ್ಲ. ಅದಕ್ಕೇ ಬಂದೆ.”

ಅವಳು ಬಟ್ಟೆ ಮಡಿಸತೊಡಗಿದಳು. ಆಮೇಲೆ ತಾನಾಗಿಯೇ ಹೇಳಿದಳು. ಗಂಡ ತೀರಿಕೊಂಡು ಒಂಬತ್ತು ವರ್ಷ. ಈಗ ಕುಣಿಗಲ್‌ನ ಮಹಿಳಾ ಸಂಘವೊಂದು ಹೊಲಿಗೆ ಕಲಿಸಲು ಅವಳನ್ನು ವಾರಕ್ಕೆರಡು ದಿನ ಕರೆಸಿಕೊಳ್ಳುತ್ತಿತ್ತು. ಮೂವತ್ತು ಜನರ ಮುಂದೆ ನಿಂತು ಮಾತಾಡಬೇಕು. ಒಂದು ಕೈ ಬಾಯಿಗೆ ಅಡ್ಡ ಇಟ್ಟುಕೊಂಡು ಕತ್ತರಿ ಹಿಡಿಯುವುದು ಹೇಗೆ? ಸಂಘದ ಎದುರಿಗೇ ಡಾಕ್ಟರ ಬೋರ್ಡು ಕಂಡಿತು. ಅಲ್ಲಿ ತನ್ನನ್ನು ಬಲ್ಲವರಿಲ್ಲ ಎಂದು ಹತ್ತಿದಳು.

“ಹೆಸ್ರು ಬರ್ಸೋವಾಗ ಬಾಯಿಗ್ ಬಂದಿದ್ದು ಮಗಳ್ ಹೆಸ್ರು. ಡಾಕ್ಟ್ರು ನನ್ ಮುಖ ನೋಡಿದ್ರು, ಏನೂ ಅನ್ದೆ ಬರ್ಕೊಂಡ್ರು. ಗಂಡ ಇಲ್ದೋಳು ಈ ವಯಸ್ನಲ್ಲಿ ಹಲ್ ಚೆಂದ ಮಾಡ್ಸ್ಕೋತಾಳೆ ಅಂದ್ರೆ ಈ ಬೀದಿ ಸುಮ್ನೆ ಬಿಡ್ತದಾ? ಯಶೂಗೂ ಹೇಳಿಲ್ಲ. ಅವಳ್ ನಕ್ಬಿಟ್ರೆ ನನ್ ಕೈಲಿ ತಡ್ಕೊಳ್ಳಕ್ಕಾಗಲ್ಲ.”

ಶಿವಮೂರ್ತಿ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಸಂಚೆಲ್ಲ ಸಡಿಲವಾಯಿತು. ಡಾಕ್ಟರು ಮುಚ್ಚಿಟ್ಟಿದ್ದು ಈಕೆಯ ಸಂಕೋಚವನ್ನು. ಆದರೆ ಕೆಳಗಿನ ಹಲ್ಲು ಬಡಿಯುವುದು ಸುಳ್ಳಾಗಲಿಲ್ಲವಲ್ಲ. ಅವನು ಚೀಲದಿಂದ ಅಚ್ಚುಗಳನ್ನು ತೆಗೆದು ಕಚ್ಚಿಸಿ ತೋರಿಸಿದ. ಅವಳು ತನ್ನ ಬಾಯನ್ನು ತಾನೇ ಮೇಜಿನ ಮೇಲೆ ನೋಡಿದಳು.

“ನೀವು ನಿಮ್ ಕೆಲ್ಸ ತಪ್ಪಿಸ್ಕೊಳ್ಳಕ್ಕೆ ಇದ್ನೆಲ್ಲ ಹೇಳ್ತಿಲ್ಲ ತಾನೆ?” ಎಂದು ಕೇಳಿದಳು.

“ತಪ್ಪಿಸ್ಕೊಳ್ಳೋನು ಬಸ್ ಹತ್ತಿ ಬರ್ತಿರ್ಲಿಲ್ಲ ಕಣಮ್ಮ.”

ಮುಂದಿನ ಮಂಗಳವಾರ ಇಬ್ಬರೂ ಬೇರೆಬೇರೆ ಬಸ್ಸಿನಲ್ಲಿ ಕುಣಿಗಲ್‌ಗೆ ಹೋದರು. ಶಿವಮೂರ್ತಿಯನ್ನು ಕಂಡು ಡಾಕ್ಟರ ಹುಬ್ಬು ಗಂಟಾಯಿತು. “ನನ್ ಪೇಷೆಂಟ್ ಮನೆಗೆ ನೀವ್ಯಾಕ್ ಹೋದ್ರಿ? ಬೇರೆ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗೋ ಪ್ಲಾನಾ?”

“ಸಾರ್, ಒಂದ್ಸಲ ಕಚ್ಚಿಸಿ ನೋಡಿ. ಆಮೇಲ್ ಬೈರಿ.”

ಡಾಕ್ಟರು ಒಲ್ಲದ ಮನಸ್ಸಿನಿಂದಲೇ ತೆಳ್ಳನೆಯ ನೀಲಿ ಕಾಗದವನ್ನು ಅವಳ ಹಲ್ಲುಗಳ ನಡುವೆ ಇಟ್ಟು, ಕಚ್ಚಿ ಹಲ್ಲು ಮಸೆಯಲು ಹೇಳಿದರು. ಕಾಗದ ತೆಗೆದಾಗ ಒಳಗೆ ಸರಿದ ಹಲ್ಲಿನ ಅಂಚಿನ ಮೇಲೆ ಗಾಢ ನೀಲಿಯ ಗುರುತು ಬಿದ್ದಿತ್ತು. ಕನ್ನಡಿಯಲ್ಲಿ ಎರಡು ಸಲ ನೋಡಿದರು. ಕೈಗವಸು ಬಿಚ್ಚಿದರು.

“ನಾಲ್ಕು ಬೇಡ. ಒಳಗ್ ಹೋಗಿರೋದು, ಕಚ್ಚು ಬಿದ್ದಿರೋದು, ಎರಡು ಸಾಕು. ಕೆಳಗಿನ ಹಲ್ಲಿನ ತುದಿ ಕೂದಲೆಳೆಯಷ್ಟು ತೀಡಿ ಬಡಿತ ತಪ್ಪಿಸ್ತೀನಿ. ಇದು ತೀರಾ ಸಣ್ಣ ತೊಂದ್ರೆ ಆದ್ರಿಂದ ಇಷ್ಟರಲ್ಲಿ ಆಗುತ್ತೆ. ಜಾಸ್ತಿ ಇದ್ದಿದ್ರೆ ತಂತಿನೇ ಗತಿ.” ರಂಗಲಕ್ಷ್ಮಮ್ಮನ ಕಡೆ ತಿರುಗಿದರು. “ಇನ್ಮೇಲೆ ದಾರ ಕಚ್ಚಂಗಿಲ್ಲ.”

ಶಿವಮೂರ್ತಿಗೆ ಅವರು ಒಳ್ಳೆಯ ಮಾತೇನೂ ಹೇಳಲಿಲ್ಲ. ಬ್ರಿಡ್ಜಿನ ವಿಷಯವನ್ನು ಅವನೂ ಎತ್ತಲಿಲ್ಲ.

ಮೇಣದ ಮಾದರಿ ಒಪ್ಪಿಗೆಯಾಯಿತು, ಎರಡು ಹಲ್ಲನ್ನು ತುಸುವೇ ತೀಡಿ ತೆಗೆದ ಹೊಸ ಅಳತೆ ಬಂತು. ಅವನು ಎರಡು ಚಿಪ್ಪುಗಳನ್ನು ಬೇಯಿಸಿ ಮುಗಿಸಿದ್ದ. ಒಂದು ಶನಿವಾರ ಮಧ್ಯಾಹ್ನ ಕಾಲೇಜು ಬ್ಯಾಗು ಹೆಗಲಿಗೆ ಹಾಕಿಕೊಂಡ ಹುಡುಗಿಯೊಬ್ಬಳು ಲ್ಯಾಬಿನ ಮೆಟ್ಟಿಲು ಹತ್ತಿ ಬಂದಳು.

“ಶಿವಮೂರ್ತಿ ಅಂದ್ರೆ ನೀವೇನಾ? ನಾನು ಯಶಸ್ವಿನಿ, ಗುಬ್ಬಿ.” ಅವಳ ಕೈಯಲ್ಲಿ ಅವನ ಹೆಸರು, ಲ್ಯಾಬಿನ ವಿಳಾಸ ಬರೆದಿದ್ದ ಕಾಗದವಿತ್ತು. “ಇದು ನಮ್ಮಮ್ಮನ್ ಪರ್ಸಲ್ಲಿತ್ತು. ತುಮಕೂರಿನೋರ್ ಒಬ್ರು ನಮ್ಮನೆ ಕೇಳ್ಕೊಂಡ್ ಬಂದಿದ್ರಂತೆ, ಅಂಜಿನಪ್ಪ ಹೇಳ್ದ. ಅಮ್ಮನ್ ಕೇಳಿದ್ರೆ ಮಾತ್ ಬದಲಾಯಿಸ್ತಾರೆ. ನಿಮ್ಗೂ ಅಮ್ಮಂಗೂ ಏನ್ ವ್ಯವಹಾರ?”

ಯಾರಿಗೂ ಹೇಳುವುದಿಲ್ಲ ಎಂದು ಶಿವಮೂರ್ತಿ ಅವಳ ಅಮ್ಮನಿಗೆ ಮಾತು ಕೊಟ್ಟಿದ್ದ. ಹೇಳದಿದ್ದರೆ ಈ ಹುಡುಗಿ ಏನೆಂದುಕೊಂಡು ಇಳಿದುಹೋಗುತ್ತಾಳೋ ಅದೂ ಅವಳ ಕಣ್ಣಲ್ಲೇ ಕಾಣುತ್ತಿತ್ತು.

“ನಿಮ್ಮಮ್ಮನ್ನೇ ಕೇಳಮ್ಮ. ನಾನ್ ಹೇಳಂಗಿಲ್ಲ.”

“ಹೇಳಂಗಿಲ್ಲ ಅಂದ್ರೆ ಏನರ್ಥ?” ಎನ್ನುತ್ತಾ ಅವಳು ಸುತ್ತ ನೋಡಿದಳು. ಮೇಜಿನ ಮೇಲೆ ಸಾಲಾಗಿ ಅಚ್ಚುಗಳಿದ್ದವು. ಒಂದರ ತಳದಲ್ಲಿ ತನ್ನದೇ ಹೆಸರು. ಅದನ್ನು ಎತ್ತಿಕೊಂಡಳು. ಹಲ್ಲು ತೀಡುವ ಮೊದಲಿನ ಅಚ್ಚು ಅದು. ಅವಳ ಹೆಬ್ಬೆರಳು ಮೆಲ್ಲಗೆ ನಡುವಿನ ಹಲ್ಲಿನ ಕಚ್ಚಿನ ಮೇಲೆ ಹೋಯಿತು. ಹುಟ್ಟಿದಾಗಿನಿಂದ ಕಂಡ ಬಾಯಿ ಅದು, ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸ್ಟೂಲಿನ ಮೇಲೆ ಕುಳಿತಳು. ಕೆಳಗೆ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಶುರುವಾಗಿ ನಿಂತಿತು.

“ಯಾವ್ ಬಣ್ಣ ಹಾಕ್ತಿದೀರಾ?” ಎಂದಳು.

ಅವನು ಚಿಪ್ಪುಗಳನ್ನು ತೋರಿಸಿದ. ಚೀಟಿಯಲ್ಲಿ ಬರೆದಿದ್ದ, ಎಲ್ಲಕ್ಕಿಂತ ಬಿಳಿಯ ಬಣ್ಣ. ಹಲ್ಲು ನಾಲ್ಕರಿಂದ ಎರಡಾದರೂ ಬಣ್ಣವನ್ನು ಯಾರೂ ಬದಲಿಸಿರಲಿಲ್ಲ.

“ಇಷ್ಟ್ ಬಿಳಿ ಬೇಡ. ನಮ್ಮಮ್ಮನ್ ಥರ ಕಾಣಲ್ಲ. ಪಕ್ಕದ್ ಹಲ್ಲಿಗೆ ಹೊಂದೋದನ್ನ ಹಾಕಿ.” ಮೆಟ್ಟಿಲ ಬಳಿ ತಿರುಗಿ ನಿಂತಳು. “ನಾನ್ ಬಂದಿದ್ದು ಹೇಳ್ಬೇಡಿ.”

ಆ ಮನೆಯ ಇಬ್ಬರಿಗೂ ಮಾತು ಕೊಟ್ಟು, ಡಾಕ್ಟರಿಗೆ ಫೋನ್ ಮಾಡಿ ಪಕ್ಕದ ಹಲ್ಲಿನ ಬಣ್ಣ ಕೇಳಿ, ಶಿವಮೂರ್ತಿ ಭಾನುವಾರ ಕುಳಿತು ಎರಡೂ ಚಿಪ್ಪುಗಳನ್ನು ಹೊಸದಾಗಿ ಬೇಯಿಸಿದ.

ಆರು ತಿಂಗಳ ಮೇಲೆ ಅವನು ಬೇರೆ ಕೆಲಸಕ್ಕೆ ಕುಣಿಗಲ್‌ನ ಕ್ಲಿನಿಕ್ಕಿಗೆ ಹೋದಾಗ ರಂಗಲಕ್ಷ್ಮಮ್ಮ ತಪಾಸಣೆಗೆ ಬಂದಿದ್ದಳು. ಚಿಪ್ಪುಗಳು ಗಟ್ಟಿಯಾಗಿದ್ದವು. ಬಾಗಿಲಾಚೆ ಅವಳು ಅವನನ್ನು ತಡೆದು ನಿಲ್ಲಿಸಿದಳು.

“ಹಲ್ ಹಾಕ್ಸ್ಕೊಂಡು ಮನೆಗ್ ಹೋದ್ ದಿನ ಯಶೂ ಒಂದ್ ಮಾತೂ ಕೇಳ್ಲಿಲ್ಲ. ದಾರ ಕತ್ತರ್ಸೋ ಪುಟಾಣಿ ಕತ್ತರಿ ತಂದು ಮಿಷನ್ ಮೇಲಿಟ್ಟಿದ್ಲು. ನೀವೇ ಹೇಳಿದ್ದಲ್ವಾ?”

“ದೇವ್ರಾಣೆ ನಾನ್ ಹೇಳಿಲ್ಲ.”

“ಸುಳ್ಳು,” ಎಂದು ರಂಗಲಕ್ಷ್ಮಮ್ಮ ನಕ್ಕಳು. ಅವನು ಏನು ಹೇಳಿದರೂ ಅವಳು ನಂಬುವ ಹಾಗಿರಲಿಲ್ಲ. ಬಣ್ಣ ಪಕ್ಕದ ಹಲ್ಲಿಗೆ ಹೊಂದಿಕೊಂಡಿದೆಯೇ ಎಂದು ಅವನು ನೋಡಿಕೊಂಡ. ಹೊಂದಿಕೊಂಡಿತ್ತು. ಅವಳ ಕ್ಲಾಸಿಗೆ ಹೊತ್ತಾಗಿತ್ತು. ರಸ್ತೆ ದಾಟಿ ಸಂಘದ ಕಟ್ಟಡದೊಳಗೆ ಹೋದಳು.