ಯಾರದ್ದೂ ಅಲ್ಲದ ಇಂಟರಪ್ಟ್

೧. ಎಲ್ಲಿಂದ ಶುರು ಮಾಡಲಿ? ಕೂಗಬೇಕಾದ ಹೊತ್ತಿಗೆ ಬಾಯಿ ಮುಚ್ಚಿಕೊಂಡ ಯಂತ್ರದಿಂದಲೋ, ಅಕ್ಕನ ಗಂಡನ ಮೇಲೇ ಅನುಮಾನಪಟ್ಟ ಇಂಜಿನಿಯರಿಂದಲೋ? (ಮೊದಲ ಡ್ರಾಫ್ಟಿನಲ್ಲಿ ಕಂಪ್ಯೂಟರ್ ಪಾಠವಿತ್ತು. ಎರಡನೇ ಪುಟಕ್ಕೆ ನನಗೇ ಆಕಳಿಕೆ ಬಂತು. ಹರಿದೆ.)

೨. ಆಕೆಯದು ಕರ್ನಲ್ ಕೆಲಸ. ಸೈನ್ಯದ ಕರ್ನಲ್ ಅಲ್ಲ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಅವರ ಸಣ್ಣ ಕಂಪನಿ ಆಸ್ಪತ್ರೆಗಳಿಗೆ ನಾಡಿ ನೋಡುವ ಮಾನಿಟರ್ ಮಾಡುತ್ತದೆ. ಅದರ ಬೋರ್ಡು ಭಾವನ ಕೈಕೆಲಸ, ಸಾಫ್ಟ್‌ವೇರ್ ಈಕೆಯದು.

ಯಂತ್ರದೊಳಗೆ ಯಾವ ಭಾಗ ಸುದ್ದಿ ಹೇಳಬೇಕಿದ್ದರೂ ಅದು ಒಂದು ಬೆಲ್ ಒತ್ತುತ್ತದೆ. ಅದೇ ಇಂಟರಪ್ಟ್. ಕರ್ನಲ್ ಎದ್ದು "ಯಾರಪ್ಪ?" ಎಂದು ಕೇಳುತ್ತದೆ. ಒಂದೊಂದು ಭಾಗದ ಪರವಾಗಿ ಉತ್ತರಿಸುವ ಡ್ರೈವರ್ ಪ್ರೋಗ್ರಾಮುಗಳೆಲ್ಲ "ನಾನಲ್ಲ" ಎಂದರೆ, ಮತ್ತೆ ಮತ್ತೆ ಹಾಗೇ ಆದರೆ, ಕರ್ನಲ್ ಬೇಸತ್ತು ಆ ಬೆಲ್ಲಿನ ತಂತಿಗೇ ಕಿವಿ ಮುಚ್ಚಿಕೊಳ್ಳುತ್ತದೆ. ನಾಡಿಯ ಸೆನ್ಸರ್ ಇದ್ದದ್ದು ಅದೇ ತಂತಿಯ ಮೇಲೆ. ಪರೀಕ್ಷೆಗೆಂದು ಆಕೆ ತನ್ನ ಬೆರಳಿಗೆ ಹಾಕಿದ್ದ ಸೆನ್ಸರಿನ ಕ್ಲಿಪ್ ಕಿತ್ತಳು. ಹೊಡೆಯಬೇಕಿದ್ದ ಅಲಾರಂ ಹೊಡೆಯಲಿಲ್ಲ.

"ಭಾವ, ನಿಮ್ಮ ಬೋರ್ಡು ಸುಮ್ಸುಮ್ನೆ ಬೆಲ್ ಒತ್ತುತ್ತಿದೆ."

"ನಿನ್ನ ಡ್ರೈವರ್ ಕಿವುಡಾದ್ರೆ ನನ್ನ ಬೋರ್ಡಿನ ತಲೆಗೆ ಕಟ್ಬೇಡಮ್ಮ."

ಹಾಗೆಂದವನು ಯಂತ್ರದ ಮುಚ್ಚಳವನ್ನು ಸ್ವಲ್ಪ ಬೇಗನೇ ಮುಚ್ಚಿದ. ಆಕೆ ಅದನ್ನು ಗಮನಿಸಿದಳು.

೩. ಆದರೂ ಮೊದಲು ತನ್ನನ್ನೇ ಶಂಕಿಸಿದಳು. ತನ್ನ ಡ್ರೈವರುಗಳನ್ನು ಒಂದೊಂದಾಗಿ ತೆಗೆದಳು. ಬೆಲ್ ನಿಲ್ಲಲಿಲ್ಲ. ಸೆನ್ಸರನ್ನೇ ಕಳಚಿದಳು. ಆಗಲೂ ಬೆಲ್. ತಂತಿಯ ತುದಿಯಲ್ಲಿ ಯಾರೂ ಇಲ್ಲದಿದ್ದರೂ ಒತ್ತುತ್ತಿರುವವರು ಯಾರು? ತಂತಿಯ ಹತ್ತಿರ ಬೆರಳು ತಂದರೆ ಬೆಲ್ ಇನ್ನಷ್ಟು. ಆ ತಂತಿಯನ್ನು ಸುಮ್ಮನಿರಿಸಲು ಒಂದು ಪುಟ್ಟ ರೆಸಿಸ್ಟರ್ ಬೇಕು. ನಕ್ಷೆಯಲ್ಲಿ ಇತ್ತು. ಬೋರ್ಡಿನಲ್ಲಿ ಆ ಜಾಗ ಬೋಳು.

೪. (ಇಲ್ಲಿ ಭಾವ ನನ್ನ ಜೊತೆ ಜಗಳಕ್ಕೆ ಬಂದ.)

"ನನ್ನನ್ನ ಕಳ್ಳನ ಹಾಗೆ ಬರೀತಿದ್ದೀರಿ. ಚಿಪ್ಪಿನೊಳಗೇ ಅಂಥದ್ದೊಂದು ಇದೆ ಅಂದ್ಕೊಂಡು ಅದನ್ನ ತೆಗೆಸಿದ್ದು ನಾನೇ. ಎಣಿಕೆ ತಪ್ಪಿತು, ಅಷ್ಟೇ."

"ಅವಳಿಗೆ ಹೇಳಿ ಮತ್ತೆ."

"ಅವಳಿಗೆ ಹೇಳಿದ್ರೆ ಅವಳಕ್ಕನಿಗೆ ಹೇಳಿದ ಹಾಗೆ."

೫. ಮುಕ್ತಾಯ ಒಂದು: ರೆಸಿಸ್ಟರ್ ಬೆಸೆದರು, ಅಲಾರಂ ಕೂಗಿತು, ಎಲ್ಲರೂ ಕಾಫಿ ಕುಡಿದರು. (ಚೆನ್ನಾಗಿದೆ. ನಾನೇ ನಂಬುವುದಿಲ್ಲ.)

ಆದದ್ದು ಹೀಗೆ. ಇದೇ ಬೋರ್ಡಿನ ಕೆಲವು ಯಂತ್ರಗಳು ಆಗಲೇ ಒಂದು ಆಸ್ಪತ್ರೆಯಲ್ಲಿ ರೋಗಿಗಳ ತಲೆದೆಸೆಯಲ್ಲಿದ್ದವು. "ನಡೀರಿ ಭಾವ," ಎಂದವಳು ಅವನ ಉತ್ತರಕ್ಕೆ ಕಾಯದೆ ಹೊರಟಳು.

ವಾರ್ಡಿನಲ್ಲಿ ಖಾಲಿ ಹಾಸಿಗೆಯ ಪಕ್ಕದ ಯಂತ್ರವನ್ನು ಭಾವ ತಾನೇ ಬಿಚ್ಚಿ ತೋರಿಸಿದ. ರೆಸಿಸ್ಟರ್ ಅದರ ಜಾಗದಲ್ಲೇ ಇತ್ತು. ಆಕೆಗೆ ಜೀವ ಬಂದಂತಾಯಿತು. ಮರುಕ್ಷಣ ಕಣ್ಣು ಬೆಸುಗೆಯ ಮೇಲೆ ನಿಂತಿತು. ಅದು ಕಾರ್ಖಾನೆಯದ್ದಲ್ಲ, ಕೈಬೆಸುಗೆ. ಇನ್ನೂ ಹೊಸದಾಗಿ ಹೊಳೆಯುತ್ತಿತ್ತು.

"ಮತ್ತೆ ಬಂದ್ರಾ ಸಾರ್?" ಎಂದಳು ಅತ್ತ ಹಾದುಹೋದ ನರ್ಸ್. "ನಿನ್ನೆ ಎಲ್ಲಾ ಮುಗೀಲಿಲ್ವಾ?"

ಭಾವ ಕಿಟಕಿಯ ಕಡೆ ನೋಡಿದ. ರೋಗಿಗಳ ಜೀವ ಮೊದಲು ಎಂದು ಓಡಿ ಬಂದಿದ್ದನೋ, ಸಾಕ್ಷಿ ಅಳಿಸಲು ಬಂದಿದ್ದನೋ? ಬರೆಯುವವನಾಗಿ ನನಗೆ ಗೊತ್ತಿರಬೇಕು. ಕೇಳಿದೆ. ನನಗೂ ಹೇಳಲಿಲ್ಲ.

"ಸ್ಕ್ರೂಡ್ರೈವರ್ ನನ್ನ ಕೈಗೆ ಕೊಡಿ ಭಾವ," ಎಂದಳು ಆಕೆ. "ಉಳಿದವನ್ನ ನಾನು ಬಿಚ್ತೀನಿ."

(ಇಲ್ಲಿಗೆ ಸಾಕು ಮಾಡಿ ಎಂದು ಭಾವ ಕಣ್ಣಲ್ಲೇ ಬೇಡುತ್ತಿದ್ದಾನೆ. ಸಾಕು ಮಾಡುವುದು ನನ್ನ ಕೈಲಿಲ್ಲ. ಆಕೆ ಆಗಲೇ ಮುಂದಿನ ಹಾಸಿಗೆಗೆ ಹೋಗಿ, ಮಲಗಿದ್ದ ಮುದುಕಿಗೆ "ಎರಡೇ ನಿಮಿಷ ಅಜ್ಜಿ" ಎನ್ನುತ್ತಾ ಸ್ಕ್ರೂ ತಿರುಗಿಸುತ್ತಿದ್ದಾಳೆ.)